ತಾಬೋರ್ ಗುಡ್ಡದಿಂದ ಇಳಿಯುವದು

ಧ್ಯಾನಕ್ಕೆ: ಮಾರ್ಕನ ಸುವಾರ್ತೆ 9ನೆಯ ಅಧ್ಯಾಯ, 2ರಿಂದ 29ನೆಯ ವಚನಗಳು



ನಮ್ಮ ಸೀಮೆಯ ಅನೇಕ ಹಳ್ಳಿಗಳ ಬದಿಯಲ್ಲಿ ಒಂದೊಂದು ಚಿಕ್ಕ ಗುಡ್ಡವುಂಟು. ಹುಡುಗರು ಅಲ್ಲಿ ಕುರಿ ಮೇಯಿಸುತ್ತಾರೆ. ಹೆಂಗಸರು ಸೌದೆ ಆರಿಸುತ್ತಾರೆ. ದೂರದಿಂದ ಬರುವವನು ಅದನ್ನು ಕಂಡು, ಊರು ಹತ್ತಿರವಾಯಿತು ಎಂದು ಸಮಾಧಾನ ಹೊಂದುತ್ತಾನೆ. ಆದರೆ ನಾಲ್ಕು ಹರದಾರಿಯ ಆಚೆಗೆ ಆ ಗುಡ್ಡದ ಹೆಸರು ಯಾರಿಗೂ ತಿಳಿಯದು. ದೇವರ ವಾಕ್ಯದಲ್ಲಿಯೂ ಅಂಥ ಒಂದು ಗುಡ್ಡವಿದೆ. ಅದರ ಹೆಸರು ತಾಬೋರ್. ಅದರ ವಿಷಯವಾಗಿ ಸ್ವಲ್ಪ ಹೊತ್ತು ಧ್ಯಾನಿಸೋಣ.

ತಾಬೋರ್ ಗುಡ್ಡವು ಗಲಿಲಾಯ ಸೀಮೆಯಲ್ಲಿ, ನಜರೇತಿಗೆ ಮೂಡಲಲ್ಲಿ ಐದಾರು ಮೈಲು ದೂರದಲ್ಲಿದೆ. ಸಮುದ್ರಮಟ್ಟದಿಂದ ಅದರ ಎತ್ತರವು ಸುಮಾರು 1,900 ಅಡಿ. ಸುತ್ತಲಿನ ಬಯಲಿನಿಂದ ಎಣಿಸಿದರೆ ಇನ್ನೂ ಕಡಿಮೆ. ಬೋರಲು ಹಾಕಿದ ಬೋಗುಣಿಯಂತೆ ದುಂಡಾಗಿ, ಬೇರೆ ಬೆಟ್ಟಗಳನ್ನು ತಾಕದೆ ಒಂಟಿಯಾಗಿ ನಿಂತಿರುವದರಿಂದ ಅದು ಬಹು ದೂರಕ್ಕೆ ಕಾಣುತ್ತದೆ. ಅದರ ಮೈಮೇಲೆ ಓಕ್ ಮರಗಳು ಬೆಳೆಯುತ್ತವೆ. ಆ ಜಾತಿಯ ಮರಕ್ಕೆ ಈ ಗುಡ್ಡದ ಹೆಸರೇ ಬಂದಿದೆ. ಅದರ ಕೆಳಗೆ ಇಜ್ರೇಲಿನ ಬಯಲು ಹಾಸಿಕೊಂಡಿದೆ. ಇಜ್ರೇಲ್ ಅಂದರೆ ದೇವರು ಬಿತ್ತುವನು ಎಂದರ್ಥ. ಆ ಬಯಲಿನ ಮಣ್ಣು ಕಪ್ಪಾದ ಜಿಗಟು ಮಣ್ಣು. ಗದಗ, ಧಾರವಾಡ, ವಿಜಯಪುರದ ಕಡೆಯಲ್ಲಿ ಎರೆಹೊಲ ಉಳುವವರಿಗೆ ಅದರ ಗುಣವನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಬೇಸಗೆಯಲ್ಲಿ ಅದು ಬಿರಿದು ಬಾಯಿ ತೆರೆಯುತ್ತದೆ. ಮಳೆ ಬಿದ್ದರೆ ಗಾಡಿಯ ಗಾಲಿಯನ್ನು ಹಿಡಿದು ಬಿಡದು. ಗೋದಿಯೂ ಹತ್ತಿಯೂ ಕಡಲೆಯೂ ಅಲ್ಲಿ ಇಂದಿಗೂ ಬೆಳೆಯುತ್ತವೆ. ತಾಬೋರಿಗೆ ತೆಂಕಲಲ್ಲಿ ಮೋರೆ ಗುಡ್ಡವಿದೆ. ಅದರ ಬದಿಯಲ್ಲಿ ನಾಯಿನ್ ಎಂಬ ಹಳ್ಳಿ. ಅಲ್ಲಿ ನಮ್ಮ ಕರ್ತನು ಒಬ್ಬ ವಿಧವೆಯ ಒಬ್ಬನೇ ಮಗನನ್ನು ಚಟ್ಟದಿಂದ ಎಬ್ಬಿಸಿ ತಾಯಿಗೆ ಒಪ್ಪಿಸಿಕೊಟ್ಟನು. ನಜರೇತಿನಲ್ಲಿ ಬೆಳೆದ ಬಾಲಕನಾದ ಯೇಸು, ತನ್ನ ಊರ ದಿಣ್ಣೆಗಳನ್ನು ಹತ್ತಿದಾಗಲೆಲ್ಲಾ ತಾಬೋರನ್ನು ಕಂಡಿರಬೇಕು.

ಮೊದಲನೆಯದಾಗಿ, ದೇವರು ಚಿಕ್ಕದನ್ನು ಮರೆಯುವದಿಲ್ಲ ಎಂಬದನ್ನು ಈ ಗುಡ್ಡವು ನಮಗೆ ಕಲಿಸುತ್ತದೆ. 89ನೆಯ ಕೀರ್ತನೆಯನ್ನು ಹಾಡಿದ ಏತಾನನು, ತಾಬೋರೂ ಹೆರ್ಮೋನೂ ದೇವರ ನಾಮದಲ್ಲಿ ಹರ್ಷಿಸುತ್ತವೆಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೆರ್ಮೋನ್ ಪರ್ವತವು 9,200 ಅಡಿಗೂ ಎತ್ತರವಾಗಿ, ಚಳಿಗಾಲದಲ್ಲಿ ಹಿಮ ಹೊದ್ದು ನಿಲ್ಲುತ್ತದೆ. ಅದರ ಮುಂದೆ ತಾಬೋರ್ ಯಾವ ಲೆಕ್ಕ? ಆದರೂ ಕೀರ್ತನೆಗಾರನು ಹೆರ್ಮೋನನ್ನು ಹೇಳಿ ತಾಬೋರನ್ನು ಬಿಡಲಿಲ್ಲ. ಹತ್ತು ಮನೆಗಳ ಸಭೆಯವರೇ, ಹಂಚಿನ ಮಾಡಿನ ಕೆಳಗೆ ಕೂಡಿಬರುವವರೇ, ಪಟ್ಟಣದ ದೊಡ್ಡ ದೇವಾಲಯಗಳನ್ನು ನೆನಸಿ ಮನಗುಂದಬೇಡಿರಿ. ನಿಮ್ಮ ಸ್ತೋತ್ರವೂ ಆತನಿಗೆ ಕೇಳಿಸುತ್ತದೆ.

ಎರಡನೆಯದಾಗಿ, ತಾಬೋರಿನ ಮೇಲೆ ಏರಿದವರಿಗೆ ಅಭಯವಿದ್ದರೂ ಜಯವು ದೊರೆತದ್ದು ಇಳಿದಾಗಲೇ. ನ್ಯಾಯಸ್ಥಾಪಕರ ಗ್ರಂಥದ 4ನೆಯ ಮತ್ತು 5ನೆಯ ಅಧ್ಯಾಯಗಳನ್ನು ಮನೆಯಲ್ಲಿ ಓದಿ ನೋಡಿರಿ. ಇಸ್ರಾಯೇಲ್ಯರು 20 ವರುಷ ಬಾಧೆಪಟ್ಟರು. ಹೆದ್ದಾರಿಗಳು ಬರಿದಾದವು; ಪ್ರಯಾಣಸ್ಥರು ಕಾಲುದಾರಿಗಳಲ್ಲಿ ಅಡಗಿ ನಡೆದರು; ಹಳ್ಳಿಗಳು ಹಾಳುಬಿದ್ದವು. ವೈರಿಯ ಸೇನಾಪತಿಯಾದ ಸೀಸೆರನ ಬಳಿಯಲ್ಲಿ 900 ಕಬ್ಬಿಣದ ರಥಗಳಿದ್ದವು. ಆಗ ದೆಬೋರಳ ಮಾತಿನ ಮೇರೆಗೆ ಬಾರಾಕನು 10,000 ಜನರನ್ನು ಕೂಡಿಸಿ ತಾಬೋರನ್ನು ಹತ್ತಿದನು. ರಥಗಳು ಗುಡ್ಡ ಹತ್ತಲಾರವು. ಆದದರಿಂದ ಮೇಲೆ ಇದ್ದವರಿಗೆ ಭಯವಿರಲಿಲ್ಲ. ಅವರು ಅಲ್ಲಿಯೇ ಉಳಿದಿದ್ದರೆ ಆ 10,000 ಜನರು ಬದುಕುತ್ತಿದ್ದರು; ಆದರೆ ಕೆಳಗಿನ ಹಳ್ಳಿಗಳ ಗತಿ ಏನಾಗುತ್ತಿತ್ತು? ದೆಬೋರಳು ಅವನನ್ನು ಎಬ್ಬಿಸಿ, ಇದೇ ದಿನವೆಂದೂ ಯೆಹೋವನು ಮುಂದಾಗಿ ಹೊರಟಿದ್ದಾನೆಂದೂ ತಿಳಿಸಿದಳು. ಅವರು ಇಳಿದರು. ದೇವರು ಮೋಡಗಳಿಂದ ಮಳೆ ಸುರಿಸಿದನು. ಕೀಷೋನ್ ಹಳ್ಳವು ತುಂಬಿ ವೈರಿಗಳನ್ನು ಬಡುಕೊಂಡು ಹೋಯಿತು. ಆ ಕಪ್ಪು ಕೆಸರಿನಲ್ಲಿ ಕಬ್ಬಿಣದ ರಥಗಳ ಪಾಡು ಏನಾಗಿರಬಹುದೆಂದು ಮಳೆಗಾಲದ ಎರೆಹೊಲದಲ್ಲಿ ಗಾಡಿ ಹೊಡೆದವರು ಬಲ್ಲರು.

ಇಳಿಯದೆ ಕೂತವರ ಕಥೆಯೂ ಈ ಗುಡ್ಡಕ್ಕೆ ಉಂಟು. ಕ್ರಿ. ಶ. 67ರಲ್ಲಿ ರೋಮಾಪುರದವರ ದಂಡು ಗಲಿಲಾಯಕ್ಕೆ ಬಂದಾಗ ಯೆಹೂದ್ಯರ ಒಂದು ಗುಂಪು ತಾಬೋರಿನ ಮೇಲೆ ಸೇರಿಕೊಂಡಿತು. ಇತಿಹಾಸಕಾರನಾದ ಯೋಸೇಫನು ಆ ಗುಡ್ಡದ ನೆತ್ತಿಯ ಸುತ್ತಲೂ 40 ದಿನಗಳಲ್ಲಿ ತಾನು ಗೋಡೆ ಕಟ್ಟಿಸಿದೆನೆಂದು ಬರೆದಿದ್ದಾನೆ. ಗೋಡೆಯೇನೋ ಇತ್ತು, ಆದರೆ ಮಳೆಯ ನೀರಿನ ಹೊರತು ಮೇಲೆ ಬೇರೆ ನೀರಿರಲಿಲ್ಲ. ಅದು ತೀರಿದಾಗ ಉಳಿದವರು ಶರಣಾಗತರಾದರು. ಪ್ರಿಯರೇ, ಗುಡ್ಡದ ಮೇಲೆ ಎಷ್ಟು ಗಟ್ಟಿಯಾದ ಗೋಡೆ ಕಟ್ಟಿಕೊಂಡರೂ ಬಾವಿ ಇರುವದು ಬಯಲಿನಲ್ಲಿಯೇ.

ಮೂರನೆಯದಾಗಿ, ಒಳ್ಳೇ ಗುಡ್ಡವೂ ಬಲೆಯಾಗಬಹುದು. ಹೋಶೇಯನು ತನ್ನ 5ನೆಯ ಅಧ್ಯಾಯದಲ್ಲಿ ಯಾಜಕರನ್ನೂ ರಾಜನ ಮನೆಯವರನ್ನೂ ಕರೆದು, ನೀವು ತಾಬೋರಿನ ಮೇಲೆ ಹಾಸಿದ ಬಲೆಯಾಗಿದ್ದೀರಿ ಎಂಬದಾಗಿ ಗದರಿಸುತ್ತಾನೆ. ಬಾರಾಕನ ಜನರಿಗೆ ಆಶ್ರಯವಾದ ಗುಡ್ಡವು, ದೇವರ ಹೆಸರು ಹೇಳುವವರ ದೆಸೆಯಿಂದಲೇ ಜನರನ್ನು ಹಿಡಿದಿಡುವ ಬಲೆಯಾಯಿತು. ಹಕ್ಕಿ ಹಿಡಿಯುವವನು ಬರಿಯ ಬಲೆ ಹಾಸುವದಿಲ್ಲ. ಅದರ ಮೇಲೆ ಕಾಳು ಚೆಲ್ಲುತ್ತಾನೆ. ನಮ್ಮ ಆರಾಧನೆಯಲ್ಲಿಯೂ ಅಂಥ ಕಾಳುಗಳುಂಟು. ಸಂಗೀತ ಚೆನ್ನಾಯಿತು, ಪ್ರಸಂಗ ಚೆನ್ನಾಯಿತು, ಕಾಣಿಕೆ ಹೆಚ್ಚಾಗಿ ಬಂತು ಎಂದು ಅವನ್ನು ಹೆಕ್ಕುತ್ತಾ ಅಲ್ಲಿಯೇ ಕೂತೆವಾದರೆ, ನಮ್ಮ ಕಾಲು ಸಿಕ್ಕಿಬಿದ್ದದ್ದು ನಮಗೇ ತಿಳಿಯುವದಿಲ್ಲ.

ಇದನ್ನು ನಾವು ಬೇರೆಯವರ ಮೇಲೆ ತಪ್ಪು ಹೊರಿಸುವದಕ್ಕಾಗಿ ಬರೆಯುತ್ತಿಲ್ಲ. ಒಂದು ವರುಷ ಪುನರುತ್ಥಾನದ ಹಬ್ಬದ ದಿನ, ಇನ್ನೂ ಕತ್ತಲಿರುವಾಗಲೇ ನಾವು ಸಭೆಯವರನ್ನು ಕೂಡಿಸಿಕೊಂಡು ಊರ ಹಿಂದಿನ ಗುಡ್ಡಕ್ಕೆ ಹಾಡುತ್ತಾ ಹೊರಟೆವು. ಕೆಳಗೇರಿಯ ಕಡೇ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅದು ನಮ್ಮ ಸಭೆಯ ಒಬ್ಬ ವಿಧವೆಯ ಮನೆ. ಅವಳೂ ಗುಡ್ಡಕ್ಕೆ ಬರಲು ಎದ್ದಿದ್ದಾಳೆಂದು ನಾವು ಎಣಿಸಿದೆವು. ನಿಂತು ಕೇಳಲಿಲ್ಲ, ಯಾಕಂದರೆ ಸೂರ್ಯನು ಹುಟ್ಟುವ ಮುಂಚೆ ಮೇಲೆ ಸೇರಬೇಕಾಗಿತ್ತು. ಮೇಲೆ ಆರಾಧನೆ ಬಹಳ ಚೆನ್ನಾಗಿ ನಡೆಯಿತು. ಇಳಿದು ಬಂದಾಗ ಆ ಮನೆಯ ಬಾಗಿಲು ಹಾಕಿತ್ತು. ಆಗಲೂ ನಾವು ವಿಚಾರಿಸಲಿಲ್ಲ. ಮಧ್ಯಾಹ್ನದ ಮೇಲೆ ತಿಳಿದದ್ದೇನಂದರೆ, ರಾತ್ರಿಯೆಲ್ಲಾ ಅವಳ ಮಗುವಿಗೆ ಜ್ವರವೇರಿ ಮೈ ಸೆಟೆಯುತ್ತಿತ್ತು. ಕಡೆಗೆ ನಮ್ಮ ಸಭೆಗೆ ಸೇರದ ಒಬ್ಬ ನೆರೆಯವನು ತನ್ನ ಗಾಡಿ ಹೂಡಿ ತಾಯಿಯನ್ನೂ ಮಗುವನ್ನೂ ಆಸ್ಪತ್ರೆಗೆ ಕರಕೊಂಡು ಹೋಗಿದ್ದನು. ದೇವರ ದಯದಿಂದ ಮಗು ಬದುಕಿತು. ಮೂರನೆಯ ದಿನ ನಾವು ನೋಡಲು ಹೋದಾಗ ಆ ತಾಯಿಯು ಎದ್ದು ಚಾಪೆ ಹಾಸಿ, “ಅಯ್ಯನವರೇ, ಹಬ್ಬದ ದಿನ ನಿಮ್ಮ ಹಾಡು ನಮ್ಮ ಮನೆಯ ತನಕ ಚೆನ್ನಾಗಿ ಕೇಳಿಸಿತು” ಅಂದಳು. ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಮಾತು ಕೇಳಿದ ಮೇಲೆ ನಾವು ಮಾರ್ಕನ 9ನೆಯ ಅಧ್ಯಾಯವನ್ನು ಪೂರಾ ಓದದೆ ನಿಲ್ಲಿಸಲಾರೆವು. ನಮ್ಮ ಕರ್ತನು ಪೇತ್ರ ಯಾಕೋಬ ಯೋಹಾನರನ್ನು ಕರಕೊಂಡು ಒಂದು ಎತ್ತರವಾದ ಬೆಟ್ಟವನ್ನು ಹತ್ತಿ ಅವರ ಮುಂದೆ ರೂಪಾಂತರ ಹೊಂದಿದನು. ಸುವಾರ್ತಿಕರು ಆ ಬೆಟ್ಟದ ಹೆಸರನ್ನು ಬರೆದಿಲ್ಲ. ನಾಲ್ಕನೆಯ ಶತಮಾನದಿಂದ ಕ್ರೈಸ್ತರಲ್ಲಿ ಬಹಳ ಮಂದಿ ಅದು ತಾಬೋರೆಂದು ಹೇಳುತ್ತಾ ಬಂದರು. 1924ರಲ್ಲಿ ಅದರ ನೆತ್ತಿಯ ಮೇಲೆ ದೊಡ್ಡದೊಂದು ದೇವಾಲಯವೂ ಮುಗಿಯಿತು. ಹೆರ್ಮೋನಿನ ಕಡೆಯೇ ಇರಬೇಕೆನ್ನುವ ಪಂಡಿತರೂ ಇದ್ದಾರೆ. ಬೆಟ್ಟದ ಹೆಸರು ಯಾವದಾದರೂ ಆಗಲಿ; ಅಲ್ಲಿ ನಡೆದದ್ದನ್ನು ನೋಡಿರಿ. ಪೇತ್ರನು ಮೂರು ಗುಡಾರಗಳನ್ನು ಕಟ್ಟೋಣ ಅಂದನು. ಕರ್ತನು ಗುಡಾರ ಕಟ್ಟಗೊಡಿಸಲಿಲ್ಲ, ಇಳಿದು ಹೊರಟನು. ಕೆಳಗೆ ಏನಿತ್ತು? ಶಾಸ್ತ್ರಿಗಳ ಸಂಗಡ ತರ್ಕ ಮಾಡುತ್ತಾ ನಿಂತ ಶಿಷ್ಯರು. ಬಾಯಲ್ಲಿ ನೊರೆ ಸುರಿಸುತ್ತಾ ನೆಲಕ್ಕೆ ಬೀಳುವ ಒಬ್ಬ ಹುಡುಗ. ನಂಬುತ್ತೇನೆ ಎಂದೂ ನನ್ನ ಅಪನಂಬಿಕೆಗೆ ಸಹಾಯಮಾಡು ಎಂದೂ ಅಳುವ ಅವನ ತಂದೆ. ಬೆಟ್ಟದ ಮೇಲೆ ಬೆಳಕಾಗಿ ಹೊಳೆದ ಆ ಕೈಯೇ ಕೆಳಗೆ ಧೂಳಿನಲ್ಲಿ ಬಿದ್ದ ಹುಡುಗನನ್ನು ಹಿಡಿದು ಎಬ್ಬಿಸಿತು.

ಇನ್ನೊಂದು ಮಾತುಂಟು. ಯಾವಾಗಲೂ ಇಳಿದು ಬಂದ ಕರ್ತನು ಒಂದು ಸಾರಿ ಇಳಿಯಲಿಲ್ಲ. ಪಟ್ಟಣದ ಹೊರಗೆ ಆತನನ್ನು ಶಿಲುಬೆಯ ಮೇಲೆ ಎತ್ತಿದಾಗ ಹಾದುಹೋಗುವವರು, ಇಳಿದು ಬಾ ಎಂದು ಹಾಸ್ಯಮಾಡಿದರು. ತನ್ನನ್ನು ಉಳಿಸಿಕೊಳ್ಳುವದಕ್ಕಾಗಿ ಆತನು ಇಳಿಯಲಿಲ್ಲ. ನಮ್ಮನ್ನು ಉಳಿಸುವದಕ್ಕಾಗಿ ಪರಲೋಕದಿಂದ ಮೊದಲೇ ಇಳಿದು ಬಂದಿದ್ದನಲ್ಲಾ! ಬೆಟ್ಟದಿಂದ ಇಳಿದದ್ದೂ ಶಿಲುಬೆಯಿಂದ ಇಳಿಯದೆ ಇದ್ದದ್ದೂ ಒಂದೇ ಪ್ರೀತಿಯ ಕೆಲಸವಾಗಿದೆ. ಮಧ್ಯಾಹ್ನದವರೆಗೆ ವಿಚಾರಿಸದೆ ಇದ್ದ ನಮ್ಮಂಥವರಿಗೂ ಆ ಪ್ರೀತಿಯಲ್ಲಿ ಕ್ಷಮೆಯುಂಟು. ಅದಿಲ್ಲದಿದ್ದರೆ ಇದನ್ನು ಬರೆಯುವ ಧೈರ್ಯ ನಮಗೆ ಎಲ್ಲಿಂದ ಬರುತ್ತಿತ್ತು?

ಆದದರಿಂದ, ಪ್ರಿಯರೇ, ಗುಡ್ಡ ಹತ್ತುವದನ್ನು ಬಿಡಬೇಡಿರಿ. ಏರದವನು ಇಳಿಯಲಾರನು; ಪ್ರಾರ್ಥನೆಯಿಂದಲ್ಲದೆ ಇಂಥದು ಹೋಗದೆಂದು ಕರ್ತನೇ ಅಲ್ಲಿ ಹೇಳಿದನು. ಆದರೆ ಬರುವ ಭಾನುವಾರ ಆಶೀರ್ವಾದವಾಗಿ ಬಾಗಿಲು ದಾಟುವಾಗ, ನಿಮ್ಮ ಬೀದಿಯಲ್ಲಿ ಯಾರ ಮನೆಯ ದೀಪ ರಾತ್ರಿಯೆಲ್ಲಾ ಉರಿಯಿತೆಂದು ಕೇಳಿರಿ. ಆ ಮನೆ ಸಭೆಯವರದೋ ಅಲ್ಲವೋ ಎಂದು ವಿಚಾರಿಸಬೇಡಿರಿ. ಆ ನೆರೆಯವನು ಗಾಡಿ ಹೂಡುವಾಗ ಅದನ್ನು ವಿಚಾರಿಸಲಿಲ್ಲ. ಕರೆಯುವ ತನಕ ಕಾಯಬೇಡಿರಿ. ಮೊದಲು ಆ ಮನೆಗೆ ಹೋಗಿ, ಆಮೇಲೆ ಊಟಕ್ಕೆ ಕೂಡ್ರಿರಿ.

ಕರ್ತನಾದ ಯೇಸುವೇ, ಮೇಲೆ ನಿನ್ನ ಮಹಿಮೆಯನ್ನು ಕಂಡ ನಮ್ಮ ಕಣ್ಣುಗಳಿಗೆ ಕೆಳಗೇರಿಯ ದೀಪವೂ ಕಾಣುವಂತೆ ಮಾಡು. ನೀನು ಮುಂದಾಗಿ ಇಳಿ. ನಾವು ನಿನ್ನ ಹಿಂದೆ ಬರುತ್ತೇವೆ. ಆಮೆನ್.