ಭಿನ್ನಯಂತ್ರ ಸಹಕ್ರೀಡಾ ಮೀಮಾಂಸೆ

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಆಳಿದ್ದು 1126ರಿಂದ 1138ರವರೆಗೆ. ಅವನ ‘ಮಾನಸೋಲ್ಲಾಸ’ವು ಐದು ವಿಂಶತಿಗಳ ಗ್ರಂಥ, ಕಡೆಯದು ಕ್ರೀಡಾವಿಂಶತಿ. ಅಲ್ಲಿಯ ವಿಭಾಗಕ್ರಮವನ್ನು ಪರಿಶೀಲಿಸಿದರೆ ಎರಡು ವಿಭಾಜಕಧರ್ಮಗಳು ಪ್ರಧಾನವಾಗಿ ತೋರುತ್ತವೆ. ವನಕ್ರೀಡೆ, ಜಲಕ್ರೀಡೆ, ವಾಲುಕಾಕ್ರೀಡೆ ಇವು ದೇಶದಿಂದ ವಿಭಕ್ತ; ಚತುರಂಗ, ಪಾಶಕ, ವರಾಟಿಕಾ ಇವು ಕರಣದಿಂದ ವಿಭಕ್ತ. ಆಡುವವರು ಒಂದು ನೆಲದಲ್ಲಿರಬೇಕು, ಇಲ್ಲವೇ ಒಂದು ಕರಣದ ಸುತ್ತ ಕೂಡಬೇಕು ಎಂಬ ಅಭ್ಯುಪಗಮವು ಈ ವಿಭಾಗದಲ್ಲಿ ಗರ್ಭಿತವಾಗಿದೆ.

ಈ ಎರಡೂ ಧರ್ಮಗಳಿಗೆ ಸಿಕ್ಕದ ಕ್ರೀಡೆಯೊಂದು ಈಗ ಅದೇ ನಾಡಿನಲ್ಲಿ ರೂಢವಾಗಿದೆ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದಿನ ಸಹಪಾಠಿಗಳನ್ನು ಓದಿಗೂ ಉದ್ಯೋಗಕ್ಕೂ ಎರಡು ದಿಕ್ಕಿಗೆ ಹಂಚುತ್ತದೆ. ಊರಿನಲ್ಲುಳಿದವನ ಕೈಯಲ್ಲಿ ಆಂಡ್ರಾಯ್ಡ್ ಫೋನು, ಹೈದರಾಬಾದಿನವನ ಮುಂದೆ ಕಂಪ್ಯೂಟರು, ಪುಣೆಯವನ ಕೋಣೆಯಲ್ಲಿ ಪ್ಲೇಸ್ಟೇಷನ್ನು. ದೇಶವೂ ಒಂದಲ್ಲ, ಕರಣವೂ ಒಂದಲ್ಲ. ಆದರೂ ಆಟ ಒಂದೇ ಎಂಬ ವ್ಯವಹಾರವಿದೆ. ಆ ಏಕತ್ವ ಯಾವುದರಲ್ಲಿ ನೆಲೆಸಿದೆ ಎಂಬುದೇ ಇಲ್ಲಿ ವಿಚಾರ್ಯ.

ಲಕ್ಷಣವಿದು: ಪರಸ್ಪರ ವರಣದಿಂದ ಕೂಡಿದ ಆಟಗಾರರು, ಭಿನ್ನಜಾತೀಯ ಯಂತ್ರಗಳನ್ನು ಆಶ್ರಯಿಸಿ, ಏಕನಿಯಮಕ್ಕೆ ಅಧೀನರಾಗಿ, ಏಕಸ್ಥಿತಿಯನ್ನು ಏಕಕಾಲದಲ್ಲಿ ಪರಿಣಮಿಸುವಂತೆ ಮಾಡುವ ಕ್ರೀಡೆಯೇ ಭಿನ್ನಯಂತ್ರ ಸಹಕ್ರೀಡೆ.

ಇನ್ನು ಪದಕೃತ್ಯ. ‘ಭಿನ್ನಜಾತೀಯ’ ಎಂಬುದರಿಂದ ಬೇರೆ ಬೇರೆ ತಯಾರಕರ ಎರಡು ಆಂಡ್ರಾಯ್ಡ್ ಫೋನುಗಳ ನಡುವಿನ ಆಟ ವ್ಯಾವೃತ್ತ. ಅಲ್ಲಿರುವುದು ವ್ಯಕ್ತಿಭೇದ, ಜಾತಿಭೇದವಲ್ಲ. ‘ಪರಸ್ಪರ ವರಣ’ ಎಂಬುದರಿಂದ ಯಂತ್ರವೇ ಅಪರಿಚಿತರನ್ನು ಜೋಡಿಸುವ ಪಂದ್ಯ ವ್ಯಾವೃತ್ತ. ರೂಮ್ ತೆರೆದು ಐಡಿ, ಪಾಸ್‌ವರ್ಡ್ ಕಳುಹಿಸುವ ಲೋಕವ್ಯವಹಾರವೇ ವರಣದ ಚಿಹ್ನೆ.

‘ಏಕಸ್ಥಿತಿ’ ಎಂಬ ಪದವು ಅತಿವ್ಯಾಪ್ತಿಯ ನಿವಾರಣೆಗೆ ಅತ್ಯಾವಶ್ಯಕ, ಏಕೆಂದರೆ ನಾಮೈಕ್ಯವನ್ನು ಸ್ಥಿತ್ಯೈಕ್ಯವೆಂದು ಭ್ರಮಿಸಿ ಹಣ ಕಳೆದುಕೊಂಡವರು ಕಡಿಮೆಯಿಲ್ಲ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯೂ ಬೆಡ್‌ರಾಕ್ ಆವೃತ್ತಿಯೂ ನಾಮತಃ ಒಂದೇ. ಆದರೆ ಬೆಡ್‌ರಾಕ್ ಆವೃತ್ತಿಯಲ್ಲಿ ಫೋನು, ಕನ್ಸೋಲು, ವಿಂಡೋಸ್ ಕಂಪ್ಯೂಟರುಗಳು ಕೂಡುತ್ತವೆ. ಜಾವಾ ಆವೃತ್ತಿ ಕಂಪ್ಯೂಟರಿಗೆ ಮಾತ್ರ ಸೀಮಿತ, ಬೆಡ್‌ರಾಕಿನೊಡನೆ ಸ್ವತಃ ಕೂಡದು. ಕಂಪ್ಯೂಟರಿನ ಪಬ್‌ಜಿ ಬೇರೆ, ಫೋನಿನಲ್ಲಿ ಪಬ್‌ಜಿ ಮೊಬೈಲಿನ ಸ್ಥಾನಕ್ಕೆ ಬಂದ ಬಿಜಿಎಂಐ ಬೇರೆ. ರಾಕೆಟ್ ಲೀಗ್ ಬೇರೆ, ಫೋನಿಗಾಗಿ ರಚಿತವಾದ ರಾಕೆಟ್ ಲೀಗ್ ಸೈಡ್‌ಸ್ವೈಪ್ ಬೇರೆ. ಇವೆಲ್ಲ ಲಕ್ಷ್ಯಾಭಾಸಗಳು.

‘ಏಕಕಾಲ’ ಎಂಬುದರಿಂದ ಪ್ರಗತಿಸಂಕ್ರಮಣ ವ್ಯಾವೃತ್ತ. ಬೆಳಿಗ್ಗೆ ಫೋನಿನಲ್ಲಿ ಆಡಿದ್ದನ್ನು ಅದೇ ಖಾತೆಯಿಂದ ರಾತ್ರಿ ಕಂಪ್ಯೂಟರಿನಲ್ಲಿ ಮುಂದುವರಿಸುವುದು ಅದರ ಸ್ವರೂಪ. ಅಲ್ಲಿ ಯಂತ್ರಭೇದವಿದ್ದರೂ ಕರ್ತೃ ಒಬ್ಬನೇ; ಸಹತ್ವವಿಲ್ಲ.

ಶಂಕೆ: ಹಾಗಾದರೆ ಲಿಚೆಸ್ ಜಾಲತಾಣದಲ್ಲಿ ದಿನಕ್ಕೊಂದು ನಡೆಯಂತೆ ಆಡುವ ಪತ್ರರೂಪದ ಚದುರಂಗಕ್ಕೆ ಅವ್ಯಾಪ್ತಿ ಬರುತ್ತದೆ, ಇಬ್ಬರೂ ಒಮ್ಮೆಲೇ ಆಡುವುದಿಲ್ಲವಲ್ಲ? ಸಮಾಧಾನ: ಏಕಕಾಲತ್ವವು ನಡೆಗಳ ಧರ್ಮವಲ್ಲ, ಸ್ಥಿತಿಯ ಧರ್ಮ. ಒಬ್ಬನು ಕಾಯಿಯನ್ನು ಸರಿಸಿದ ಕ್ಷಣವೇ ಇಬ್ಬರ ಪಾಲಿಗೂ ಫಲಕದ ಸ್ಥಿತಿ ಬದಲಾಯಿತು. ಇನ್ನೊಬ್ಬನು ನಿದ್ರಿಸುತ್ತಿರಬಹುದು, ಸ್ಥಿತಿಯು ನಿದ್ರಿಸುವುದಿಲ್ಲ. ಆದುದರಿಂದ ಅವ್ಯಾಪ್ತಿಯಿಲ್ಲ.

ಏಕತ್ವದ ಆಶ್ರಯವೂ ಇದರಿಂದಲೇ ಸಿದ್ಧ. ಪ್ರತಿಯೊಬ್ಬನ ಪರದೆಯಲ್ಲಿರುವುದು ಸ್ಥಿತಿಯ ಪ್ರತಿಬಿಂಬ; ಬಿಂಬವಿರುವುದು ಸರ್ವರಿನಲ್ಲಿ. ಯಂತ್ರವು ಉಪಾಧಿ ಮಾತ್ರ.

ಯಂತ್ರಭೇದದಿಂದ ಈ ಕ್ರೀಡೆ ತ್ರಿವಿಧ. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ನಡುವಿನದು ಲಘು: ಬಿಜಿಎಂಐ, ನವಿ ಮುಂಬಯಿಯಲ್ಲಿ ರೂಪುಗೊಂಡು 2016ರಲ್ಲಿ ಹೊರಬಂದ ಲೂಡೋ ಕಿಂಗ್ ಇತ್ಯಾದಿ. ಕನ್ಸೋಲು ಮತ್ತು ಕಂಪ್ಯೂಟರುಗಳ ನಡುವಿನದು ಗುರು: ರಾಕೆಟ್ ಲೀಗ್. ಎಲ್ಲವನ್ನೂ ಕೂಡಿಸುವುದು ಸಂಕೀರ್ಣ: ಅಮಾಂಗ್ ಅಸ್, ಮೈನ್‌ಕ್ರಾಫ್ಟ್ ಬೆಡ್‌ರಾಕ್, ನಾಲ್ವರವರೆಗೆ ಕೂಡಬಲ್ಲ ಗೆನ್‌ಶಿನ್ ಇಂಪ್ಯಾಕ್ಟ್. ಸಹಕಾರ, ಸ್ಪರ್ಧೆ, ಕಪಟ ಎಂಬ ಸಂಬಂಧಕೃತ ಭೇದಗಳು ಎಲ್ಲ ಆಟಗಳಿಗೂ ಸಮಾನವಾದುದರಿಂದ ಇಲ್ಲಿ ವಿಸ್ತರಿಸಬೇಕಿಲ್ಲ.

ಪ್ರಥಮ ಪೂರ್ವಪಕ್ಷ: ಯಂತ್ರಗಳ ಪ್ರತ್ಯೇಕತೆ ಸ್ವಾಭಾವಿಕ, ಕೂಡಿಸುವುದು ಆಗಂತುಕ ಮತ್ತು ದುಸ್ಸಾಧ್ಯ. ಅದು ಸಲ್ಲದು. ಕ್ವೇಕ್ 3 ಅರೀನಾ ಆಟದಲ್ಲಿ ಕನ್ಸೋಲಾದ ಡ್ರೀಮ್‌ಕಾಸ್ಟ್ ಮತ್ತು ಕಂಪ್ಯೂಟರುಗಳು 2000ದಲ್ಲೇ ಕೂಡಿದ್ದವು. 2002ರ ಫೈನಲ್ ಫ್ಯಾಂಟಸಿ 11ರಲ್ಲಿ ಪ್ಲೇಸ್ಟೇಷನ್ 2 ಮತ್ತು ಕಂಪ್ಯೂಟರಿನವರು ಒಂದೇ ಲೋಕದಲ್ಲಿದ್ದರು. 2017ರ ಸೆಪ್ಟೆಂಬರಿನಲ್ಲಿ ಫೋರ್ಟ್‌ನೈಟ್‌ನ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಆಟಗಾರರು ಪ್ರಮಾದವಶಾತ್ ಒಂದೇ ಪಂದ್ಯದಲ್ಲಿ ಸೇರಿಹೋದರು; ಒಡನೆಯೇ ಬೇರ್ಪಡಿಸಲಾಯಿತು. ಪ್ರಮಾದದಿಂದ ಸಾಧ್ಯವಾದುದನ್ನು ದುಸ್ಸಾಧ್ಯವೆನ್ನುವುದು ಹೇಗೆ? ಪ್ಲೇಸ್ಟೇಷನ್ನಿನ ಒಡೆಯನಾದ ಸೋನಿ ಸಂಸ್ಥೆ ಈ ಕೂಡಿಕೆಗೆ ಅನುಮತಿ ಘೋಷಿಸಿದ್ದು 2018ರ ಸೆಪ್ಟೆಂಬರ್ 26ರಂದು. ಪ್ರತಿಬಂಧಕವು ಯಂತ್ರದಲ್ಲಿರಲಿಲ್ಲ, ಸ್ವಾಮಿಯ ಇಚ್ಛೆಯಲ್ಲಿತ್ತು.

ದ್ವಿತೀಯ ಪೂರ್ವಪಕ್ಷವು ಪ್ರಬಲ: ಕರಣವೈಷಮ್ಯವಿದ್ದಲ್ಲಿ ಕ್ರೀಡೆಯೇ ಇಲ್ಲ. ಮೌಸಿನಿಂದ ಗುರಿಯಿಡುವವನೂ ಗಾಜಿನ ಮೇಲೆ ಹೆಬ್ಬೆರಳು ಎಳೆಯುವವನೂ ಸಮಾನ ಪ್ರತಿಸ್ಪರ್ಧಿಗಳಾಗಲಾರರು. ಇಲ್ಲಿ ವಿವೇಕ ಮಾಡಬೇಕು. ಸಾಮ್ಯ ದ್ವಿವಿಧ: ನಿಯಮಸಾಮ್ಯ, ಕರಣಸಾಮ್ಯ. ಮೊದಲನೆಯದು ಕ್ರೀಡೆಯ ಸ್ವರೂಪಕ್ಕೆ ಅಂಗ. ಎರಡನೆಯದು ಕರಣವೇಗವು ಫಲವನ್ನು ನಿರ್ಣಯಿಸುವಲ್ಲಿ ಮಾತ್ರ ಅಂಗ. ಲೂಡೋದಲ್ಲಿ ದಾಳವನ್ನು ಬೆರಳಿನಿಂದ ಒತ್ತಿದರೇನು, ಮೌಸಿನಿಂದ ಒತ್ತಿದರೇನು, ಬೀಳುವ ಸಂಖ್ಯೆಗೆ ಅದರ ಅರಿವಿಲ್ಲ. ಶರಸಂಧಾನದ ಆಟಗಳಲ್ಲಿಯಾದರೋ ದೋಷ ವಾಸ್ತವ. 2007ರಲ್ಲಿ ಎಕ್ಸ್‌ಬಾಕ್ಸ್ 360 ಮತ್ತು ವಿಂಡೋಸ್ ವಿಸ್ತಾಗಳನ್ನು ಕೂಡಿಸಿದ ಶ್ಯಾಡೋರನ್, ಈ ವೈಷಮ್ಯವನ್ನು ಸರಿದೂಗಿಸಲು ಕನ್ಸೋಲಿನವರಿಗೆ ಗುರಿಸಹಾಯ ಕಲ್ಪಿಸಬೇಕಾಯಿತು. ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿ ಪಬ್‌ಜಿ ಮೊಬೈಲ್ ಆಡುವವರನ್ನು ಬೇರೆ ಪಂದ್ಯಕ್ಕೆ ಸೇರಿಸುತ್ತಿದ್ದುದೂ ಇದೇ ಕಾರಣಕ್ಕೆ. ಆದರೆ ಸ್ನೇಹಿತರಲ್ಲಿ ವೈಷಮ್ಯವು ಮೊದಲೇ ಜ್ಞಾತ ಮತ್ತು ಅಂಗೀಕೃತ. ಜ್ಞಾತವೈಷಮ್ಯವು ವಂಚನೆಯಲ್ಲ, ಬಹುಮಾನವಿರುವ ಪಂದ್ಯಾವಳಿಗೆ ಮಾತ್ರ ಅದು ಬಾಧಕ.

ತೃತೀಯ: ದೂರವೇ ಬಾಧಕ, ಪಿಂಗ್ (ಸಂದೇಶ ಹೋಗಿಬರುವ ಕಾಲ) ಏರಿದರೆ ಏಕಸ್ಥಿತಿ ಮಾತಿನಲ್ಲಷ್ಟೇ. ಗಣಿತದಿಂದ ಉತ್ತರ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹುಮನಾಬಾದಿನಿಂದ ಮುಂಬಯಿ ಸರಳರೇಖೆಯಲ್ಲಿ 470 ಕಿ.ಮೀ. ಆಸುಪಾಸು, ಹೋಗಿಬರಲು ಸುಮಾರು 5 ಮಿಲಿಸೆಕೆಂಡು. ಸಿಂಗಾಪುರವಾದರೆ 34ರ ಸಮೀಪ. ಅನುಭವಕ್ಕೆ ಬರುವ ಪಿಂಗ್ ಇದಕ್ಕಿಂತ ಹೆಚ್ಚಿದ್ದರೆ ಆ ಆಧಿಕ್ಯವು ಬಳಸುಮಾರ್ಗದ್ದು, ಗೋಪುರದ ದಟ್ಟಣೆಯದ್ದು, ಮನೆಯ ವೈಫೈಯದ್ದು. ದೂರವು ಅಲ್ಪಾಪರಾಧಿ.

ಚತುರ್ಥ: ಇದು ದ್ಯೂತವೇ, ಆದುದರಿಂದ ಹೇಯ. ಇದನ್ನು ಹಿರಿಯರು ಹೇಳುವುದುಂಟು, ಆ ಚಾಲುಕ್ಯರ ಕಲ್ಯಾಣವೇ ಆದ ಬಸವಕಲ್ಯಾಣದ ನೆಲದಲ್ಲಿ ಇದಕ್ಕೆ ಪ್ರಾಚೀನ ವಿಚಾರವೂ ಉಂಟು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯೆ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದ್ಯೂತಸಮಾಹ್ವಯವೆಂಬ ಪ್ರಕರಣವೇ ಇದೆ. ಅಪ್ರಾಣಿಗಳಿಂದ ಆಡುವುದು ದ್ಯೂತ, ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ. ಎರಡಕ್ಕೂ ಪಣವು ಸಮಾನಧರ್ಮ. ಪಣವಿಲ್ಲದಲ್ಲಿ ದ್ಯೂತತ್ವವಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಇ-ಕ್ರೀಡೆ, ಸಾಮಾಜಿಕ ಆಟ, ಹಣದ ಆಟ ಎಂದು ವಿಭಜಿಸಿ ಕಡೆಯದನ್ನಷ್ಟೇ ನಿಷೇಧಿಸುತ್ತದೆ. ಆಟದೊಳಗಿನ ವೇಷಭೂಷಣಕ್ಕೆ ಹಣ ತೆತ್ತರೆ? ಅದು ಕ್ರಯ, ಪಣವಲ್ಲ. ಪ್ರತಿಲಾಭದ ಪ್ರತ್ಯಾಶೆ ಅಲ್ಲಿಲ್ಲ. ಅಪವ್ಯಯವಾಗಿರಬಹುದು, ಆದರೆ ಅಪವ್ಯಯವು ಬೇರೆ ಪ್ರಕರಣದ ವಿಷಯ.

ಪಂಚಮ: ಯಂತ್ರವು ಉಪಾಧಿ ಮಾತ್ರವಾದರೆ ಸಹಕ್ರೀಡೆ ಸ್ವತಂತ್ರವೆಂದಾಯಿತು. ಇಲ್ಲ. ಯಂತ್ರನಿರಪೇಕ್ಷತ್ವ ಬೇರೆ, ಸ್ವಾಮಿನಿರಪೇಕ್ಷತ್ವ ಬೇರೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ನಿಷಿದ್ಧವಾಯಿತು. ಅದರ ಸ್ಥಾನದಲ್ಲಿ ಬಿಜಿಎಂಐ 2021ರ ಜುಲೈ 2ರಂದು ಆಂಡ್ರಾಯ್ಡಿಗೆ, ಆಗಸ್ಟ್ 18ರಂದು ಐಫೋನಿಗೆ ಬಂತು. 2022ರ ಜುಲೈ 28ರಂದು ಎರಡೂ ಆ್ಯಪ್ ಅಂಗಡಿಗಳಿಂದ ತೆಗೆಯಲ್ಪಟ್ಟಿತು. 2023ರ ಮೇ ತಿಂಗಳಲ್ಲಿ ಮರಳಿತು. ಈ ಅವಧಿಯಲ್ಲಿ ಯಾರ ಫೋನೂ ಬದಲಾಗಬೇಕಿರಲಿಲ್ಲ, ಯಾರ ಸ್ನೇಹವೂ ಕೆಡಬೇಕಿರಲಿಲ್ಲ. ಸ್ಕ್ವಾಡುಗಳು ಮಾತ್ರ ಚದುರಿದವು. ಬಿಂಬವು ಪರಾಧೀನವಾದಾಗ ಪ್ರತಿಬಿಂಬಗಳು ಎಷ್ಟಿದ್ದರೇನು?

ಇನ್ನು ಆಟದ ವರಣನಿರ್ಣಯ. ಮಂಡಳಿಯಲ್ಲಿ ಅತ್ಯಂತ ದುರ್ಬಲವಾದ ಯಂತ್ರವೇ ಪ್ರಮಾಣ. ಶ್ರೇಷ್ಠ ಯಂತ್ರವುಳ್ಳವನ ರುಚಿ ಪ್ರಮಾಣವಲ್ಲ. ಆವೃತ್ತಿಯ ಹೆಸರನ್ನು ಪೂರ್ಣವಾಗಿ ಓದಿಯೇ ಕೊಳ್ಳತಕ್ಕದ್ದು. ಬ್ರೌಸರ್ ಮಾತ್ರ ಸಾಕಾಗುವ ಲಿಚೆಸ್ ಎಲ್ಲರಿಗೂ ಗ್ರಾಹ್ಯ, ನಿಃಶುಲ್ಕವೂ ಹೌದು. ಅಮಾಂಗ್ ಅಸ್ ನಾಲ್ವರಿಗಿಂತ ಕಡಿಮೆಯಿದ್ದಲ್ಲಿ ಪ್ರವೃತ್ತವಾಗದು. ರಾಕೆಟ್ ಲೀಗ್ ಎಷ್ಟೇ ಉತ್ಕೃಷ್ಟವಾಗಿರಲಿ, ಹುಮನಾಬಾದಿನವನ ಕೈಯಲ್ಲಿ ಫೋನು ಮಾತ್ರವಿದ್ದರೆ ಆ ಮಂಡಳಿಗೆ ಅದು ಅಗ್ರಾಹ್ಯ.