ಕೇಳಬೇಕಾದ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟರು. ಕಟ್ಟಿದ ಮನೆಯನ್ನು ಬೆಳೆಸುವುದೋ ಬಿಟ್ಟು ಹೋಗುವುದೋ ಎಂದು ತೀರ್ಮಾನ ಮಾಡಿ ನೋಡು ಅಂತ ಯಾಕೆ ಹೇಳಲಿಲ್ಲವೋ ತಿಳಿಯದು. ಬಹುಶಃ ಅವರಿಗೆ ಆ ಪ್ರಶ್ನೆಯೇ ಬರಲಿಲ್ಲ. ಮನೆಯಲ್ಲಿ ಜನ ಹೆಚ್ಚಾದರೆ ಹಿತ್ತಲ ಕಡೆ ಒಂದು ಮಾಡು ಇಳಿಸುತ್ತಿದ್ದರು, ನಾಲ್ಕು ಗಳು ಹೊಂದಿಸಿ ಹೆಂಚು ಹೊದೆಸುತ್ತಿದ್ದರು, ಅಷ್ಟೆ. ನಮಗೆ ಹಾಗಾಗಲಿಲ್ಲ. 2018ರ ಒಂದು ಇಡೀ ಬೇಸಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು.

ಸಾಗರದ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. 1969ರಲ್ಲಿ ನಮ್ಮ ಮಾವ ಕಟ್ಟಿಸಿದ್ದು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಳಗೆಲ್ಲ ಕಾವಿಯ ಕೆಂಪು ನೆಲ. ಮುಂದೆ ಜಗಲಿ, ನಡುವೆ ಒಂದು ಉದ್ದನೆಯ ಪಡಸಾಲೆ, ಎರಡು ಕೋಣೆ, ಅಡಿಗೆಮನೆ. ಬಚ್ಚಲು ಮತ್ತು ಪಾಯಿಖಾನೆ ಮಾತ್ರ ಹಿತ್ತಲಿನಲ್ಲಿ, ಏಳು ಮೆಟ್ಟಿಲು ಇಳಿದು ಹೋಗಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆ ಏಳು ಮೆಟ್ಟಿಲು ಒಂದು ವಿಷಯವೇ ಆಗಿರಲಿಲ್ಲ. ಆ ವರ್ಷದ ಜನವರಿಯಲ್ಲಿ, ಎಪ್ಪತ್ತೈದರ ಹತ್ತಿರವಿದ್ದ ನಮ್ಮತ್ತೆ ಬೆಳಗಿನ ಜಾವ ನಾಲ್ಕನೇ ಮೆಟ್ಟಿಲಿನಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಮಳೆಗಾಲ ಎಂದರೆ ನನಗೆ ಆ ಮೆಟ್ಟಿಲ ಪಾಚಿಯೇ ಕಣ್ಣಿಗೆ ಬರತೊಡಗಿತು.

ದೊಡ್ಡ ಮಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ. "ಅದನ್ನು ಮಾರಿಬಿಡಿ, ಇಲ್ಲಿ ನಮ್ಮ ಹತ್ತಿರವೇ ಚಿಕ್ಕ ಮನೆ ತೆಗೆದುಕೊಳ್ಳೋಣ. ಆಸ್ಪತ್ರೆ ಹತ್ತಿರ, ಎಲ್ಲ ಒಂದೇ ಮಟ್ಟದಲ್ಲಿ" ಎಂದ. ನಮ್ಮವರಿಗೆ ಅದು ಕಿವಿಗೇ ಬೀಳಲಿಲ್ಲ. "ಅಪ್ಪ ಕಟ್ಟಿಸಿದ ಮನೆ. ಮಾರುವುದಕ್ಕಾ ಕಟ್ಟಿಸಿದ್ದು? ಮೇಲೊಂದು ಮಹಡಿ ಎಬ್ಬಿಸೋಣ, ಹಿಂದೆ ಎರಡು ಕೋಣೆ ಹಾಕೋಣ. ಹಬ್ಬಕ್ಕೆ ಮಕ್ಕಳು, ಮೊಮ್ಮಕ್ಕಳು ಬಂದರೆ ಜಾಗ ಬೇಡವೇ?" ಎಂದರು.

ಇಬ್ಬರ ಮಾತಿನಲ್ಲೂ ಪ್ರೀತಿ ಇತ್ತು. ಆದರೆ ಇಬ್ಬರೂ ಮನೆಯನ್ನು ಗುಡಿಸಿದವರಲ್ಲ. ಮಹಡಿ ಎಂದಾಗ ಗಂಡಸರಿಗೆ ಎತ್ತರ ಕಾಣುತ್ತದೆ, ನಮಗೆ ಮೆಟ್ಟಿಲು ಕಾಣುತ್ತದೆ. ವರ್ಷಕ್ಕೆ ಎಂಟು ದಿನ ಬರುವ ಮೊಮ್ಮಕ್ಕಳಿಗಾಗಿ ಕಟ್ಟುವ ಕೋಣೆಯನ್ನು ಉಳಿದ ಮುನ್ನೂರೈವತ್ತೇಳು ದಿನ ಒರೆಸುವವರು ಯಾರು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಯಿಬಿಟ್ಟು ಹೇಳಿದರೆ ಮಕ್ಕಳು ಬರುವುದು ಬೇಡವೆಂದಂತೆ ಆಗುತ್ತಿತ್ತು. ಹಾಗಾಗಿ ಹೇಳಲಿಲ್ಲ. ನೀವೂ ಎಷ್ಟೋ ಲೆಕ್ಕಗಳನ್ನು ಹೀಗೆಯೇ ನುಂಗಿಕೊಂಡಿರಬಹುದು.

ಒಂದು ದಿನ ಇಂಜಿನಿಯರ್ ಬಂದು ಟೇಪು ಹಿಡಿದು ಅಳೆದರು. ಗೋಡೆಯ ಮೂಲೆಯಲ್ಲಿ ಗಾರೆ ಕೆರೆದು ನೋಡಿ, ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿ ಮೇಲೆ ಮಾತ್ರ ಸುಣ್ಣದ ಗಾರೆ ಮಾಡಿದ್ದಾರೆ, ಈ ಗೋಡೆ ಹೆಂಚಿನ ಮಾಡನ್ನು ಇನ್ನೂ ಐವತ್ತು ವರ್ಷ ಹೊತ್ತೀತು, ಕಾಂಕ್ರೀಟಿನ ಮಹಡಿಯನ್ನು ಹೊರಲಾರದು ಎಂದರು. ಮಹಡಿ ಬೇಕೇ ಬೇಕೆಂದರೆ ತಳದಿಂದ ಬೇರೆಯೇ ಕಂಬಗಳನ್ನು ಎಬ್ಬಿಸಬೇಕಂತೆ. ಹಿಂದಕ್ಕೆ ಕೋಣೆ ಹಾಕಬಹುದು, ಆದರೆ ಹೊಸ ಗೋಡೆಯನ್ನು ಹಳೆಯ ಗೋಡೆಗೆ ಬೆಸೆಯಬಾರದು. ಹಳೆಯದು ನೆಲಕ್ಕೆ ಕೂತು ಆಗಿದೆ, ಹೊಸದು ಇನ್ನು ಕೂರಬೇಕು. ಬಿಗಿಯಾಗಿ ಸೇರಿಸಿದರೆ ಎರಡು ಮಳೆಗಾಲದಲ್ಲಿ ಬಿರುಕು ಖಂಡಿತ. ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು ಮೆತ್ತಗಿನದೇನಾದರೂ ತುಂಬಬೇಕು, ಮೇಲೆ ನೀರು ಇಳಿಯದಂತೆ ತಗಡು ಹೊದೆಸಬೇಕು ಎಂದರು. ಸೊಸೆಯಾಗಿ ಬಂದು ಆಮೇಲೆ ಅತ್ತೆಯೂ ಆದ ನನಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಇಷ್ಟಾದರೂ ನಮ್ಮವರು ಬಿಡಲಿಲ್ಲ. ಕಂಬ ಎಬ್ಬಿಸುವುದೇ ಸರಿ, ಬ್ಯಾಂಕಿನಲ್ಲಿ ಸಾಲ ತೆಗೆಯುವುದೇ ಸರಿ ಎಂದು ಹೊರಟರು. ನಿಜವಾದ ಕಥೆ ಶುರುವಾದದ್ದು ಅಲ್ಲಿಂದ.

ಮನೆಯ ಖಾತೆ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಅವರು 2003ರಲ್ಲಿ ಉಯಿಲು ಬರೆಯದೆ ತೀರಿಕೊಂಡವರು. ವಂಶವೃಕ್ಷ ತನ್ನಿ, ವಾರಸುದಾರರೆಲ್ಲರ ಸಹಿ ತನ್ನಿ ಎಂದು ಬ್ಯಾಂಕಿನವರು ಹೇಳಿದರು. ವಾರಸುದಾರರು ಮೂವರು: ಅತ್ತೆ, ನಮ್ಮವರು ಮತ್ತು ನನ್ನ ನಾದಿನಿ. ವಕೀಲರು ಒಂದು ಹಕ್ಕು ಬಿಡುಗಡೆ ಪತ್ರ ಟೈಪು ಮಾಡಿಸಿ ಕೊಟ್ಟರು. "ಅವಳದ್ದು ಒಂದು ಸಹಿ ಬೇಕಷ್ಟೆ, ಭಾನುವಾರ ಹೋಗಿ ಹಾಕಿಸಿಕೊಂಡು ಬರುತ್ತೇನೆ" ಎಂದು ಇವರು ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು. ಜೊತೆಗೆ ಅವಳಿಗೊಂದು ಸೀರೆ ತಂದಿಡು ಎಂದು ನನಗೆ ಹೇಳಿದರು.

ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುತ್ತಿದ್ದಾಗ ನನಗೆ ಇನ್ನೊಂದು ಸೀರೆಯ ನೆನಪಾಯಿತು. 1996ರಲ್ಲಿ ನನ್ನ ಅಪ್ಪ ತೀರಿಕೊಂಡ ಮೇಲೆ ನಾನೂ ಹೀಗೆಯೇ ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಅದಕ್ಕೆ ಎರಡು ವರ್ಷ ಹಿಂದೆ, 1994ರಲ್ಲಿ, ಕರ್ನಾಟಕ ಸರಕಾರ ಕಾಯಿದೆ ತಿದ್ದಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. ಅಷ್ಟರೊಳಗೆ ಮದುವೆಯಾಗಿದ್ದ ನನ್ನಂಥವರಿಗೆ ಆ ತಿದ್ದುಪಡಿ ಸಿಗಲಿಲ್ಲ, ನಿಜ. ಆದರೆ ಅಪ್ಪನ ಸ್ವಂತದ್ದರಲ್ಲಿ 1956ರ ಉತ್ತರಾಧಿಕಾರ ಕಾಯಿದೆಯಿಂದಲೇ ಮಗಳಿಗೂ ಮಗನಿಗೂ ಸಮಪಾಲಿದೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸಹಿ ಹಾಕುತ್ತಿದ್ದೆನೇನೋ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆಗೆ ನಾವು ಎಷ್ಟು ಬೇಕಾದರೂ ಬೆಲೆ ಕೊಡುತ್ತೇವೆ. ಅಂದು ಅಣ್ಣ ಕೊಟ್ಟ ಸೀರೆ ಮಾವಿನ ಚಿಗುರಿನ ಬಣ್ಣದ್ದು. ಚೆನ್ನಾಗಿಯೇ ಇತ್ತು. ಅದನ್ನು ನಾನು ಎರಡು ಸಲಕ್ಕಿಂತ ಹೆಚ್ಚು ಉಟ್ಟಿಲ್ಲ.

ಸೀರೆ ಕೊಳ್ಳದೆ ಬಂದೆ. ಯಾಕೆಂದು ಇವರು ಕೇಳಿದಾಗ, "ಆ ಕಾಗದದಲ್ಲಿ ಏನು ಬರೆದಿದೆ ಎಂದು ಅವಳಿಗೆ ಮೊದಲೇ ಹೇಳಿದ್ದೀರಾ?" ಎಂದೆ. "ಅವಳೇನು ಹೊರಗಿನವಳಾ? ಕೇಳುವುದೇನು ಬಂತು" ಎಂದರು. ಒಳಗಿನವಳಾದ್ದರಿಂದ ಕೇಳಬೇಕಿಲ್ಲ, ಪಾಲಿನ ಮಾತು ಬಂದಾಗ ಮಾತ್ರ ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಒಂದೇ ಹೆಂಗಸು ಒಂದೇ ದಿನದಲ್ಲಿ ನಮಗೆ ಅನುಕೂಲವಾದಂತೆ ಒಳಗೂ ಇರುತ್ತಾಳೆ, ಹೊರಗೂ ಇರುತ್ತಾಳೆ.

ಇದರಲ್ಲಿ ಕಾನೂನಿನ ಪಾಪವೂ ಸ್ವಲ್ಪ ಇತ್ತೆಂದು ಆಮೇಲೆ ವಕೀಲರಿಂದ ತಿಳಿಯಿತು. ಅದೇ 1956ರ ಕಾಯಿದೆಯಲ್ಲಿ ಇಪ್ಪತ್ತಮೂರನೇ ಕಲಂ ಎಂದು ಒಂದಿತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ ಹೆಣ್ಣುಮಗಳಿಗೆ ಪಾಲು ಇದ್ದರೂ, ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಆಕೆ ಪಾಲು ಮಾಡಿಕೊಡಿ ಎಂದು ಕೇಳುವಂತಿರಲಿಲ್ಲ. ಅಲ್ಲಿ ಇರುವುದಕ್ಕೆ ಹಕ್ಕು ಬೇಕಾದರೂ ಆ ಮಗಳು ಮದುವೆಯಾಗದವಳೋ, ಗಂಡ ಬಿಟ್ಟವಳೋ, ಗಂಡನಿಂದ ಬೇರಾದವಳೋ, ವಿಧವೆಯೋ ಆಗಿರಬೇಕಿತ್ತು. ಅಂದರೆ ತವರುಮನೆ ಅವಳದಾಗಬೇಕಾದರೆ ಅವಳ ಬಾಳು ಮೊದಲು ಕೆಡಬೇಕು! 2005ರ ತಿದ್ದುಪಡಿಯಲ್ಲಿ ಆ ಕಲಮನ್ನು ತೆಗೆದುಹಾಕಿದರು. ಕಾಯಿದೆಯ ಪುಸ್ತಕದಿಂದ ತೆಗೆದದ್ದು ನಮ್ಮ ಮನಸ್ಸಿನಿಂದ ಹೋಗಿರಲಿಲ್ಲ.

ಆ ರಾತ್ರಿ ನಾನು ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದೆ. ಇಷ್ಟು ದಿನ ಮನೆಯ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವರ ಸಲುವಾಗಿಯೇ ಇದೆಲ್ಲ ಎಂದು ಎಲ್ಲರೂ ಹೇಳುತ್ತಿದ್ದೆವು. "ಅತ್ತೆ, ನಿಮಗೆ ಈ ಮನೆ ಬಿಡುವುದೆಂದರೆ ಕಷ್ಟವಾ?" ಎಂದು ಕೇಳಿದೆ.

ಅತ್ತೆಯ ತವರು ಶರಾವತಿ ಕಣಿವೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರ ಊರೂ ಒಂದು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿಹೋಯಿತು; ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮೇಲೆ ಏಳುತ್ತದೆ, ಜನ ನೋಡಲು ಹೋಗುತ್ತಾರೆ. ಅತ್ತೆ ಒಂದು ಸಲವೂ ಹೋಗಿಲ್ಲ. ಆಗ ಅವರು ಹೊಸ ಮದುವಣಗಿತ್ತಿ. ಅವರಪ್ಪ ಹೆಂಚು ಇಳಿಸಿ, ಬಾಗಿಲು ದಾರಂದ ಬಿಚ್ಚಿ ಲಾರಿಗೆ ಹೇರಿದ್ದನ್ನು ಕಣ್ಣಾರೆ ಕಂಡವರು. ಆ ದಾರಂದಗಳಲ್ಲಿ ಒಂದು ನಮ್ಮ ದೇವರ ಕೋಣೆಗೆ ಬಂತು. ಮುಳುಗಿದವರಲ್ಲಿ ಎಷ್ಟೋ ಕುಟುಂಬಗಳು ಹೋಗಿ ನೆಲೆಸಿದ ಜಾಗಕ್ಕೆ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಿಡದು ಅಂಥ ಕಷ್ಟ ಅಲ್ಲ ತಂಗಿ. ಹೆಂಗಸಾಗಿ ಹುಟ್ಟಿದ ಮೇಲೆ ಒಂದು ಮನೆ ಬಿಟ್ಟೇ ಬಿಡ್ತೇವೆ. ಕೇಳದೆ ಬಿಡಿಸ್ತಾರಲ್ಲ, ಅದು ಕಷ್ಟ. ನಮ್ಮಪ್ಪನ ಹತ್ತಿರ ಯಾರೂ ಕೇಳಲಿಲ್ಲ. ನೀರು ಬರ್ತದೆ, ಏಳಿ ಅಂದ್ರು. ಅಪ್ಪ ಸಾಯೋವರೆಗೂ ಮನೆ ಹೋಯ್ತು ಅಂತ ಅಳಲಿಲ್ಲ, ಒಂದು ಮಾತು ಕೇಳಲಿಲ್ಲ ಅಂತಿದ್ದ" ಎಂದರು.

ನನಗೆ ಮುಂದೆ ಎಣ್ಣೆ ತಿಕ್ಕಲಾಗಲಿಲ್ಲ. ಊರಿಗೆಲ್ಲ ಬೆಳಕು ಕೊಡುವುದಕ್ಕಾಗಿ ಆ ಊರುಗಳನ್ನು ಮುಳುಗಿಸಿದರು. ಒಳ್ಳೆಯ ಉದ್ದೇಶವೇ. ನಮ್ಮದೂ ಒಳ್ಳೆಯ ಉದ್ದೇಶವೇ. ಮುದುಕಿಗೆ ಅನುಕೂಲವಾಗಲಿ, ಮೊಮ್ಮಕ್ಕಳಿಗೆ ಜಾಗವಾಗಲಿ. ಉದ್ದೇಶ ಒಳ್ಳೆಯದಾದಷ್ಟೂ ಕೇಳುವ ಅಗತ್ಯವಿಲ್ಲವೆಂದು ಮನುಷ್ಯನಿಗೆ ಅನ್ನಿಸುತ್ತದೆಯೇನೋ. ಅಣೆಕಟ್ಟಿಗೂ ನಮ್ಮ ಹಿತ್ತಲ ಕೋಣೆಗೂ ಹೋಲಿಕೆ ಎಲ್ಲಿಯದು ಎಂದು ನೀವು ನಗಬಹುದು. ನಷ್ಟದ ಅಳತೆಯಲ್ಲಿ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಕೇಳದಿರುವ ರೀತಿಯಲ್ಲಿ ಇದೆ.

ನಾನು ಹಟ ಹಿಡಿದೆ. ಭಾನುವಾರ ಕಾಗದ ಹಿಡಿದು ಹೋಗುವ ಬದಲು ನಾದಿನಿಯನ್ನೇ ಕರೆಸಿಕೊಂಡೆವು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿ ಹೇಳಿದ್ದಾಯಿತು. ಮನೆ ಮಾರಿದರೆ ಮೂರರಲ್ಲಿ ಒಂದು ಪಾಲು ಅವಳದು. ಬೆಳೆಸಿದರೆ ಅವಳ ಪಾಲು ನಮ್ಮ ಗೋಡೆಗಳೊಳಗೆ ಸೇರಿಹೋಗುತ್ತದೆ ಎಂಬುದನ್ನೂ ಹೇಳಿದೆವು. ಹೇಳುವಾಗ ನಮ್ಮವರು ಅವಳ ಮುಖ ನೋಡಲಿಲ್ಲ. ಮಾರುವ ಮಾತನ್ನು ಅವರು ಯಾಕೆ ಅಷ್ಟು ವಿರೋಧಿಸಿದರು ಎಂಬುದು ನನಗೆ ಆಗ ಹೊಳೆಯಿತು. ಅಪ್ಪನ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿಯ ಕೆಳಗೆ ಪಾಲಿನ ಲೆಕ್ಕವೂ ತಣ್ಣಗೆ ಕೂತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ನಾದಿನಿ ಕಾಗದವನ್ನು ಪೂರ್ತಿ ಓದಿದಳು. ಓದಿ, ಮಡಿಚಿ, ಅಣ್ಣನ ಕೈಗೇ ಕೊಟ್ಟಳು. "ಇದಕ್ಕೆ ಹಾಕುವುದಿಲ್ಲ ಅಣ್ಣ. ದುಡ್ಡು ಬೇಕು ಅಂತಲ್ಲ. ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟ ಮೇಲೆ ನಾನು ಇಲ್ಲಿಗೆ ನೆಂಟರ ಹಾಗೆ ಬರಬೇಕು. ಖಾತೆಯಲ್ಲಿ ಮೂವರ ಹೆಸರು ಹಾಕಿಸು. ಆಮೇಲೆ ಅಮ್ಮನಿಗಾಗಿ ಏನು ಕಟ್ಟುವುದಿದ್ದರೂ ಪಾಲುದಾರಳಾಗಿ ಸಹಿ ಹಾಕುತ್ತೇನೆ, ಖರ್ಚಿಗೂ ಕೈಲಾದಷ್ಟು ಕೊಡುತ್ತೇನೆ" ಎಂದಳು.

ಇವರು ನಾಲ್ಕು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ ಅರ್ಜಿ ಬರೆಯುವುದಕ್ಕೆ ಕೂತರು. ನನ್ನ ಅಕ್ಷರ ಚೆನ್ನಾಗಿದೆಯೆಂದು ನನ್ನಿಂದಲೇ ಬರೆಸಿದರು.

ಆಮೇಲೆ ತೀರ್ಮಾನ ಅಷ್ಟೇನೂ ಕಷ್ಟವಾಗಲಿಲ್ಲ. ಯಾರದ್ದು ಎನ್ನುವುದು ಇತ್ಯರ್ಥವಾಗದೆ ಎಷ್ಟು ದೊಡ್ಡದು ಎಂದು ಕೇಳಿದ್ದರಿಂದಲೇ ಅದು ಅಷ್ಟು ದಿನ ಎಳೆದದ್ದು. ಮಹಡಿ ಬೇಡವೆಂದಾಯಿತು. ಸಾಲವೂ ಬೇಡವಾಯಿತು. ಅಡಿಗೆಮನೆಯ ಮಟ್ಟಕ್ಕೇ ಹಿಂದೆ ಒಂದು ಕೋಣೆ, ಅದಕ್ಕೆ ಹೊಂದಿಕೊಂಡು ಬಚ್ಚಲು, ಪಾಯಿಖಾನೆ, ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಒಂದೂ ಮೆಟ್ಟಿಲಿಲ್ಲ. ನಿವೃತ್ತಿಯಲ್ಲಿ ಬಂದ ಹಣ ಮತ್ತು ನಾದಿನಿ ಕೊಟ್ಟದ್ದು ಸಾಕಾಯಿತು. ಮುಂದೆ ನಮಗೆ ಕೈಲಾಗದ ದಿನ ಬಂದರೆ ಮಾರಿ ಮಗನ ಊರಿಗೆ ಹೋಗೋಣ, ಅದು ಅಪ್ಪನಿಗೆ ಮಾಡುವ ದ್ರೋಹವಲ್ಲ ಎಂದೂ ಮಾತಾಯಿತು. ಅದನ್ನು ಮೊದಲು ಹೇಳಿದವರು ಅತ್ತೆಯೇ. ಕಣಿವೆಯ ಮನೆ ಬಿಟ್ಟರೂ ಅದರ ದಾರಂದ ಉಳಿಯಲಿಲ್ಲವೇ ಎಂದರು.

ಎಲ್ಲವೂ ಸರಿಹೋಯಿತು ಎಂದು ಬರೆದು ಮುಗಿಸಿದರೆ ಅರ್ಧ ಮುಚ್ಚಿಟ್ಟಂತಾಗುತ್ತದೆ. ನಾದಿನಿಯ ಪರವಾಗಿ ಅಷ್ಟು ಹಟ ಹಿಡಿದ ನಾನು ನನ್ನ ಅಣ್ಣನ ಬಳಿ ಇದುವರೆಗೆ ಒಂದು ಮಾತೂ ಎತ್ತಿಲ್ಲ. ಸಹಿ ಹಾಕಿ ಆಗಿದೆ, ಪಾಲು ಕೇಳುವುದಕ್ಕಲ್ಲ. ಅಂದು ಒಂದು ಮಾತು ಕೇಳಬಹುದಿತ್ತಲ್ಲ ಎಂದಷ್ಟೇ ಹೇಳಬೇಕು. ಪ್ರತಿ ಗೌರಿ ಹಬ್ಬಕ್ಕೆ ಹೋದಾಗಲೂ ಈ ಸಲ ಹೇಳುತ್ತೇನೆ ಅಂದುಕೊಳ್ಳುತ್ತೇನೆ. ಅಣ್ಣ ಬಸ್‌ಸ್ಟ್ಯಾಂಡಿಗೆ ಬಂದು ಚೀಲ ಎತ್ತಿಕೊಂಡು ಮುಂದೆ ನಡೆಯುತ್ತಾನೆ, ಅವನ ಬೆನ್ನು ವರ್ಷ ವರ್ಷವೂ ಸ್ವಲ್ಪ ಬಾಗಿರುತ್ತದೆ, ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಇನ್ನೊಬ್ಬರ ಮನೆಯಲ್ಲಿ ನ್ಯಾಯ ಹೇಳುವುದು ಸುಲಭ, ನನಗೆ ಗೊತ್ತು.

ನಮ್ಮ ಹೊಸ ಕೋಣೆ ಕಟ್ಟಿ ಎಷ್ಟೋ ಮಳೆಗಾಲಗಳಾದವು. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಬಿಟ್ಟ ಸಂದು ಹಾಗೆಯೇ ಇದೆ, ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಅತ್ತೆ ಆ ಕೋಣೆಯಲ್ಲಿ ಮಲಗುತ್ತಾರೆ. ನಾದಿನಿ ಬಂದಾಗ ಅವರ ಪಕ್ಕದಲ್ಲೇ ಹಾಸಿಕೊಳ್ಳುತ್ತಾಳೆ. ಈಗ ಅವಳು ಬರುವ ಮೊದಲು ಫೋನು ಮಾಡಿ ಬರಲೇ ಎಂದು ಕೇಳುವುದಿಲ್ಲ. ಆಟೋ ನಿಂತ ಸದ್ದು ಕೇಳಿಸಿದ ಮೇಲೆಯೇ ನಾನು ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕುತ್ತೇನೆ.