ಲೋಲಕದ ಎಣಿಕೆ ಮತ್ತು ಕಾಲದ ಸಮತೆ

ಎರಡು ತುಂಡು ಬಟ್ಟೆಯ ಉದ್ದ ಒಂದೇ ಎಂದು ತಿಳಿಯಬೇಕಾದರೆ ಒಂದರ ಮೇಲೊಂದನ್ನು ಹಾಸಿ ಅಂಚಿಗೆ ಅಂಚು ಹೊಂದಿಸಿ ನೋಡಿದರೆ ಸಾಕು. ಎರಡು ಹೊತ್ತುಗಳನ್ನು ಹೀಗೆ ಹೊಂದಿಸಲಾಗದು, ಏಕೆಂದರೆ ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಕಳೆದುಹೋಗಿರುತ್ತದೆ. ಪತಂಜಲಿಯ ಯೋಗಸೂತ್ರಗಳಿಗೆ ವ್ಯಾಸನ ಹೆಸರಿನಲ್ಲಿರುವ ಭಾಷ್ಯವು ಮೂರನೆಯ ಪಾದದಲ್ಲಿ ಕ್ಷಣವನ್ನು ವಿಚಾರಿಸುವಾಗ ಈ ತೊಡಕನ್ನೇ ಎತ್ತಿಕೊಂಡು, ಎರಡು ಕ್ಷಣಗಳು ಎಂದೂ ಒಟ್ಟಿಗೆ ಇರಲಾರವಾದ್ದರಿಂದ ಮುಹೂರ್ತ, ಹಗಲು, ರಾತ್ರಿ ಎಂಬ ಮೊತ್ತಗಳು ಹೊರಗೆ ಇರುವ ವಸ್ತುಗಳಲ್ಲ, ಬುದ್ಧಿಯು ಕೂಡಿಸಿಕೊಂಡವು ಎಂದು ತೀರ್ಮಾನಿಸುತ್ತದೆ. ಹಾಗಾದರೆ ಕಾಲವನ್ನು ಅಳೆಯುವ ಉಪಕರಣವು ನಿಜಕ್ಕೂ ಅಳೆಯುವುದು ಏನನ್ನು? ಈ ಪ್ರಶ್ನೆಯನ್ನು ದೊಡ್ಡ ಗಡಿಯಾರಗಳ ಮುಂದೆ ಇಡುವುದಕ್ಕಿಂತ, ಬಚ್ಚಿಡಲು ಏನೂ ಇಲ್ಲದ ಸರಳ ಲೋಲಕದ ಮುಂದೆ ಇಡುವುದು ಮೇಲು.

ಸರಳ ಲೋಲಕವೆಂದರೆ ಹಿಗ್ಗದ ತೆಳು ದಾರದ ತುದಿಯಲ್ಲಿ ತೂಗುಬಿಟ್ಟ ಒಂದು ಸಣ್ಣ, ಭಾರವಾದ ಗುಂಡು, ಅಷ್ಟೆ. ಗುಂಡನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಟ್ಟಾಗ ಅದು ಆಚೆ ಹೋಗಿ ಹೊರಟ ಕಡೆಗೇ ಮರಳುವುದಕ್ಕೆ ಒಂದು ಆಂದೋಲನವೆಂದೂ ಅದಕ್ಕೆ ಹಿಡಿಯುವ ಹೊತ್ತಿಗೆ ಆಂದೋಲನಾವಧಿಯೆಂದೂ ಹೆಸರು. ಈ ಅವಧಿ ಗುಂಡಿನ ತೂಕವನ್ನು ಅವಲಂಬಿಸದೆ ದಾರದ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ; ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಒಂದು ಸೆಕೆಂಡು, ಅದರ ನಾಲ್ಕರಷ್ಟು ಉದ್ದಕ್ಕೆ ಎರಡು ಸೆಕೆಂಡು. ಪ್ರಯೋಗಶಾಲೆಯಲ್ಲಿ ಎಣಿಕೆಯನ್ನು ಗುಂಡು ಅತಿ ವೇಗವಾಗಿ ಹಾಯುವ ಕೆಳಬಿಂದುವಿನಿಂದ ಆರಂಭಿಸುತ್ತಾರೆ, ಮತ್ತು ಮೊದಲ ಬಾರಿ ಅದು ಅಲ್ಲಿ ಹಾದಾಗ ‘ಒಂದು’ ಎನ್ನದೆ ‘ಸೊನ್ನೆ’ ಎನ್ನುತ್ತಾರೆ; ‘ಒಂದು’ ಎಂದವರ ಲೆಕ್ಕದಲ್ಲಿ ಇಡೀ ಒಂದು ಆಂದೋಲನ ಕಾಣೆಯಾಗುತ್ತದೆ. ಇಪ್ಪತ್ತು ಆಂದೋಲನಗಳ ಒಟ್ಟು ಹೊತ್ತನ್ನು ಇಪ್ಪತ್ತರಿಂದ ಭಾಗಿಸಿದರೆ, ಬೆರಳು ತಡವಾದ್ದರಿಂದ ಬಂದ ಸೆಕೆಂಡಿನ ಐದನೆಯ ಒಂದು ಭಾಗದ ತಪ್ಪು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉಪಾಯವೇನೋ ಚೆನ್ನಾಗಿದೆ. ಆದರೆ ಇಪ್ಪತ್ತು ಆಂದೋಲನಗಳೂ ಸಮ ಎಂದು ಮೊದಲೇ ಒಪ್ಪಿಕೊಂಡವರು ಮಾತ್ರ ಹೀಗೆ ಭಾಗಿಸಬಲ್ಲರು, ಮತ್ತು ಆ ಒಪ್ಪಿಗೆಯನ್ನು ಯಾವ ಆಂದೋಲನವೂ ತಾನಾಗಿ ಕೊಡುವುದಿಲ್ಲ.

ಈ ಒಪ್ಪಿಗೆಯ ಚರಿತ್ರೆ ಮನುಷ್ಯನ ಮೈಯಿಂದಲೇ ಶುರುವಾಗುತ್ತದೆ. ಗೆಲಿಲಿಯೊ ಪೀಸಾದ ಇಗರ್ಜಿಯಲ್ಲಿ ತೂಗುವ ದೀಪವನ್ನು ತನ್ನ ನಾಡಿಬಡಿತಕ್ಕೆ ಹೋಲಿಸಿ ನೋಡಿದನೆಂಬುದು ಅವನ ಶಿಷ್ಯ ವಿವಿಯಾನಿ ಹೇಳಿದ ಕಥೆ. ಅದನ್ನು ನಂಬಲಿ ಬಿಡಲಿ, ಓಲಾಟ ದೊಡ್ಡದಿದ್ದರೂ ಸಣ್ಣದಿದ್ದರೂ ಹಿಡಿಯುವ ಹೊತ್ತು ಒಂದೇ ಎಂದು ಅವನು 1602ರ ಪತ್ರವೊಂದರಲ್ಲಿ ವಾದಿಸಿದ್ದು ನಿಜ. ಅದೇ ಕಾಲದ ವೈದ್ಯ ಸಾಂಟೋರಿಯೊ, ರೋಗಿಯ ನಾಡಿಗೆ ಸರಿಹೊಂದುವವರೆಗೆ ಲೋಲಕದ ದಾರವನ್ನು ಗಿಡ್ಡ ಮಾಡಿಯೋ ಉದ್ದ ಮಾಡಿಯೋ, ಆ ಉದ್ದವನ್ನೇ ನಾಡಿಯ ಗತಿಯೆಂದು ಗುರುತು ಹಾಕಿಕೊಂಡನು. ಕಥೆಯಲ್ಲಿ ಲೋಲಕಕ್ಕೆ ಒರೆಗಲ್ಲಾಗಿದ್ದ ನಾಡಿಗೆ ಈಗ ಲೋಲಕವೇ ಒರೆಗಲ್ಲಾಯಿತು.

ಕನ್ನಡದಲ್ಲಿ ವೈದ್ಯರು ಹಿಡಿದು ನೋಡುವುದಕ್ಕೂ ಜ್ಯೋತಿಷಗ್ರಂಥಗಳ 24 ನಿಮಿಷದ ಅವಧಿಗೂ ‘ನಾಡಿ’ ಎಂಬ ಒಂದೇ ಶಬ್ದವಿರುವುದನ್ನು ಇಲ್ಲಿ ನೆನೆಯಬಹುದು. ಆ ಗ್ರಂಥಗಳಲ್ಲೊಂದಾದ ಸೂರ್ಯಸಿದ್ಧಾಂತದ ಮಾನದಲ್ಲಿ ಆರು ಪ್ರಾಣಗಳಿಗೆ ಒಂದು ವಿನಾಡಿ, ಅರವತ್ತು ವಿನಾಡಿಗಳಿಗೆ ಒಂದು ನಾಡಿ, ಅರವತ್ತು ನಾಡಿಗಳಿಗೆ ಒಂದು ದಿನ. ಹಾಗೆ ಲೆಕ್ಕ ಹಾಕಿದರೆ ಪ್ರಾಣ, ಅಂದರೆ ಒಂದು ಉಸಿರಿನ ಹೊತ್ತು, ಇಂದಿನ ನಾಲ್ಕು ಸೆಕೆಂಡು. ಆ ಗ್ರಂಥವು ಪ್ರಾಣದಿಂದ ಮೇಲಿನ ಕಾಲವನ್ನು ಮೂರ್ತವೆಂದೂ ತ್ರುಟಿ ಮೊದಲಾದ ಅದಕ್ಕಿಂತ ಸೂಕ್ಷ್ಮವಾದುದನ್ನು ಅಮೂರ್ತವೆಂದೂ ಬೇರ್ಪಡಿಸುತ್ತದೆ. ಗೇಣಿಗಿಂತ ತುಸು ಉದ್ದದ ದಾರದಲ್ಲಿ ತೂಗುವ ಗುಂಡು ಒಂದು ಉಸಿರನ್ನು ನಾಲ್ಕಾಗಿ ಹೋಳು ಮಾಡುತ್ತದೆಯಾದ್ದರಿಂದ, ಮೂರ್ತದ ಗಡಿಯನ್ನು ಉಸಿರಿಗಿಂತ ಕೆಳಗೆ ಸರಿಸಿದ್ದೇ ಲೋಲಕದ ದೊಡ್ಡ ಕೆಲಸವೆಂದು ಹೇಳಬಹುದು.

ಸರಿಸುವುದೇನೂ ಸುಲಭವಾಗಿರಲಿಲ್ಲ. ಬೊಲೊನ್ಯದ ಜೆಸ್ವಿಟ್ ಪಾದ್ರಿ ರಿಚ್ಚೊಲಿ, ಸರಿಯಾಗಿ ಒಂದು ಸೆಕೆಂಡಿಗೆ ಒಂದು ಸಲ ತೂಗುವ ಲೋಲಕವನ್ನು ಪಡೆಯಬೇಕೆಂದು 1642ರಲ್ಲಿ ತನ್ನ ಮಠದ ಪಾದ್ರಿಗಳನ್ನು ಸರದಿಯಂತೆ ಕೂರಿಸಿ, ಗುಂಡಿನ ಓಲಾಟ ಸಾಯದಂತೆ ಆಗಾಗ ಮೆಲ್ಲನೆ ತಳ್ಳಿಸುತ್ತ, ಸೂರ್ಯನ ಲೆಕ್ಕದ ಇಡೀ ಒಂದು ದಿನ ಹಗಲೂ ರಾತ್ರಿಯೂ ಎಣಿಕೆ ಮಾಡಿಸಿದನು. ಬರಬೇಕಾಗಿದ್ದುದು 86,400, ಬಂದದ್ದು 87,998. ಜಪಮಣಿ ಎಣಿಸಿ ಪಳಗಿದ ಆ ಪಾದ್ರಿಗಳ ತಾಳ್ಮೆ ಮೆಚ್ಚತಕ್ಕದ್ದೇ ಆದರೂ, ಅವರು ತಪ್ಪನ್ನು ಸೂರ್ಯನ ಮೇಲೆ ಹೊರಿಸದೆ ದಾರದ ಮೇಲೆ ಹೊರಿಸಿದ್ದು ಅದಕ್ಕಿಂತ ಗಮನಾರ್ಹ. ಆಕಾಶವೇ ಸರಿ, ದಾರವೇ ತಪ್ಪು ಎಂಬುದು ಎಣಿಕೆಯಿಂದ ಸಿಕ್ಕ ಫಲವಲ್ಲ. ಎಣಿಸಲು ಕೂರುವ ಮೊದಲೇ ಅವರಲ್ಲಿದ್ದ ನಿಶ್ಚಯ.

ಮುಂದೆ ಹಾಲೆಂಡಿನ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿ, ಗೆಲಿಲಿಯೊ ಹೇಳಿದ ಸಮತೆ ಸಣ್ಣ ಓಲಾಟಗಳಿಗೆ ಮಾತ್ರ ಹೊಂದುತ್ತದೆಂದು ತೋರಿಸಿದನು. 30 ಡಿಗ್ರಿಯಷ್ಟು ಪಕ್ಕಕ್ಕೆ ಎಳೆದು ಬಿಟ್ಟ ಲೋಲಕ, ತೀರ ಸಣ್ಣದಾಗಿ ತೂಗುವ ಲೋಲಕಕ್ಕಿಂತ ನೂರಕ್ಕೆ ಹತ್ತಿರಹತ್ತಿರ ಎರಡರಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಗುಂಡು ವೃತ್ತದ ಕಮಾನಿನಲ್ಲಿ ಚಲಿಸದೆ, ಉರುಳುವ ಗಾಡಿಯ ಚಕ್ರದಂಚಿಗೆ ಅಂಟಿದ ಕೆಸರಿನ ಚುಕ್ಕಿ ಗಾಳಿಯಲ್ಲಿ ಬರೆಯುವ ಗೆರೆಯನ್ನು ತಲೆಕೆಳಗು ಮಾಡಿದಂಥ ಹಾದಿಯಲ್ಲಿ ಚಲಿಸಿದರೆ ಸಮತೆ ಪೂರ್ಣವಾಗುತ್ತದೆಂದು ಅವನು 1673ರ ತನ್ನ ಗ್ರಂಥದಲ್ಲಿ ಸಾಧಿಸಿದ್ದು ರೇಖಾಗಣಿತದಿಂದ, ಗಡಿಯಾರ ಹಿಡಿದು ಅಲ್ಲ. ಇದೇ ಹೊತ್ತಿಗೆ, 1672ರಲ್ಲಿ, ಫ್ರೆಂಚ್ ಖಗೋಳಜ್ಞ ರಿಷೇ ಪ್ಯಾರಿಸ್ಸಿನಲ್ಲಿ ಹೊಂದಿಸಿದ ಗಡಿಯಾರವನ್ನು ಭೂಮಧ್ಯರೇಖೆಯ ಬಳಿಯ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿದ್ದಿತು; ಲೋಲಕವನ್ನು ಸುಮಾರು 2.8 ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ಕಯೆನ್‌ನಲ್ಲಿ ಕಾಲವೇ ಬೇರೆ ಎಂದು ಯಾರೂ ಹೇಳಲಿಲ್ಲ. ಅಲ್ಲಿ ಗುರುತ್ವ ಕಡಿಮೆಯಿದೆ ಎಂದುಕೊಂಡ ನ್ಯೂಟನ್, 1687ರ ತನ್ನ ಗ್ರಂಥದಲ್ಲಿ ಭೂಮಿಯ ನಡು ಉಬ್ಬಿದೆ ಎಂಬುದಕ್ಕೆ ಇದನ್ನೂ ಆಧಾರವಾಗಿ ಬಳಸಿಕೊಂಡನು.

ಅದೇ ಗ್ರಂಥದಲ್ಲಿ ನ್ಯೂಟನ್, ಕಾಲವನ್ನು ನಿಖರವಾಗಿ ತೋರಿಸುವಷ್ಟು ಸಮನಾದ ಚಲನೆ ಜಗತ್ತಿನಲ್ಲಿ ಇಲ್ಲದಿರಬಹುದು, ಆದರೂ ನಿರಪೇಕ್ಷ ಕಾಲ ಸಮನಾಗಿಯೇ ಹರಿಯುತ್ತದೆ ಎನ್ನುತ್ತಾನೆ. ಭಾರತೀಯ ದರ್ಶನಗಳಲ್ಲೊಂದಾದ ವೈಶೇಷಿಕದವರೂ ಕಾಲವನ್ನು ಒಂದೇ ಒಂದಾದ, ನಿತ್ಯವಾದ ದ್ರವ್ಯವೆಂದು ಒಪ್ಪಿದವರು. ಆದರೆ ಅವರ ಮಾತು ಹೆಚ್ಚು ಎಚ್ಚರದ್ದು. ಅವರ ಭಾಷ್ಯಕಾರ ಪ್ರಶಸ್ತಪಾದನ ಪ್ರಕಾರ ಕಾಲದಲ್ಲಿ ಕಾಣುವ ಭೇದಗಳು ಉಪಾಧಿಯಿಂದ, ಎಂದರೆ ಪಕ್ಕದಲ್ಲಿದ್ದು ತನ್ನ ಬಣ್ಣವನ್ನು ಇನ್ನೊಂದಕ್ಕೆ ಹತ್ತಿಸುವ ವಸ್ತುವಿನಿಂದ ಬಂದವು. ದಾಸವಾಳದ ಬಳಿಯಿಟ್ಟ ಸ್ಫಟಿಕ ಕೆಂಪಾಗಿ ತೋರುವ ಹಾಗೆ. ಲೋಲಕಕ್ಕೆ ‘ಅಳತೆಗೋಲು’ ಎಂಬುದಕ್ಕಿಂತ ‘ಉಪಾಧಿ’ ಎಂಬ ಹೆಸರೇ ಒಪ್ಪುತ್ತದೆ. ಆದರೆ ಯಾವ ಉಪಾಧಿಯನ್ನು ನಂಬಬೇಕೆಂಬುದನ್ನು ವೈಶೇಷಿಕ ಹೇಳಿಕೊಡುವುದಿಲ್ಲ. ಅದನ್ನು ನೇರವಾಗಿ ಹೇಳಿದವನು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ: ಎರಡು ಅವಧಿಗಳು ಸಮವೆಂಬ ನೇರ ಅರಿವು ಮನುಷ್ಯನಿಗಿಲ್ಲ, ಪ್ರಕೃತಿಯ ನಿಯಮಗಳು ಆದಷ್ಟು ಸರಳವಾಗಿ ಉಳಿಯುವಂಥ ಸಮತೆಯನ್ನು ಅವನು ಆಯ್ದುಕೊಳ್ಳುತ್ತಾನೆ ಎಂಬುದು ಪ್ವಾಂಕಾರೆಯ 1898ರ ಪ್ರಬಂಧದ ವಾದ. ಹೀಗೆ ಆಯ್ದುಕೊಂಡ ಸಮತೆ ಮನಬಂದಂತೆ ಕಟ್ಟಿದ್ದಲ್ಲ. ಕಯೆನ್‌ನ ಗಡಿಯಾರವನ್ನು ನಂಬಿ ಕಾಲವನ್ನು ದೂರಿದ್ದರೆ ಭೂಮಿಯ ಆಕಾರ ತಿಳಿಯುತ್ತಿರಲಿಲ್ಲ.

1967ರಿಂದ ಸೆಕೆಂಡಿಗೆ ಆಧಾರವಾಗಿರುವುದು ಭೂಮಿಯ ಚಲನೆಯಲ್ಲ, ಸೀಸಿಯಮ್ ಪರಮಾಣುವಿನ ವಿಕಿರಣದ 9,192,631,770 ಕಂಪನಗಳು. ಆ ಕಂಪನಗಳಲ್ಲಿಯೂ ಎರಡನ್ನು ಒಂದರ ಪಕ್ಕ ಒಂದನ್ನಿಟ್ಟು ನೋಡಿದವರಿಲ್ಲ. ಒಂದು ಪರಮಾಣು ಗಡಿಯಾರವನ್ನು ಇನ್ನೊಂದು ಪರಮಾಣು ಗಡಿಯಾರದಿಂದಲೇ ಪರೀಕ್ಷಿಸುತ್ತಾರೆ.